ಹವ್ಯಾಸಿಯ ಮಸೂರಗಳೂ ಮುಂಬಯಿಯ ಮಳೆಯೂ

ಸಂಬಳದಲ್ಲಿ ಉಳಿಸಿದ ಹಣದಿಂದ ಕ್ಯಾಮರಾ ಕೊಂಡ ಕನ್ನಡಿಗರು ಈ ನಗರದಲ್ಲಿ ಅಂದೂ ಇದ್ದರು, ಇಂದೂ ಇದ್ದಾರೆ. ಹಿಂದೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮರಾದಲ್ಲಿ ಸುರುಳಿಗೆ 12 ಚಿತ್ರಗಳು ಮಾತ್ರ. ಮಸೂರ ಬದಲಿಸುವ ಮಾತೇ ಇರಲಿಲ್ಲ. ಅನಂತರ 36 ಚಿತ್ರಗಳ 35 ಮಿ.ಮೀ. ಕ್ಯಾಮರಾ ಕೈಸೇರಿತು. ವಿಶಾಲ ನೋಟಕ್ಕೆ 28, ಮುಖಚಿತ್ರಕ್ಕೆ 85, ದೂರಕ್ಕೆ 200 ಮಿ.ಮೀ. ಎಂದು ಮಸೂರಗಳ ಸಂಸಾರ ಬೆಳೆಯಿತು. ಹವ್ಯಾಸಕ್ಕೆ ಮಿತಿಯೆಲ್ಲಿ? ಇದೇ ಮುಂಬಯಿಯ ಶ್ರೀ ದಿಲೀಶ್ ಪಾರೇಖರು 4,425 ಹಳೆಯ ಕ್ಯಾಮರಾಗಳನ್ನು ಸಂಗ್ರಹಿಸಿ 2003ರಲ್ಲಿ ಗಿನ್ನೆಸ್ ದಾಖಲೆಗೆ ಪಾತ್ರರಾದರು.

ಆದರೆ ಇಂತಹ ಸಂಗ್ರಹದ ಮೇಲೆ ಈ ಊರಿನ ಮಳೆಗಾಲಕ್ಕೂ ಕಣ್ಣುಂಟು. ಚರ್ಮದ ಚೀಲದಲ್ಲಿಟ್ಟು ಟ್ರಂಕಿಗೆ ಬೀಗ ಹಾಕಿದರೆ, ತೇವದಿಂದ ಮಸೂರದೊಳಗೆ ಬೂಷ್ಟು ಜೇಡರಬಲೆಯಂತೆ ಹಬ್ಬುವುದು. ಅದು ಗಾಜಿನ ಲೇಪವನ್ನು ಕೊರೆದ ಬಳಿಕ ಎಷ್ಟು ಒರೆಸಿದರೂ ಕಲೆ ಹೋಗದು. ಎಷ್ಟೋ ತಿಂಗಳ ಉಳಿತಾಯ ಒಂದೇ ಮಳೆಗಾಲದಲ್ಲಿ ಮಣ್ಣುಪಾಲು. ಆದುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಮಸೂರವನ್ನು ಇರಿಸಬೇಕು. ಹರಳುಗಳನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ರಜೆಯ ದಿನ ಕ್ಯಾಮರಾವನ್ನು ಹೊರಗೆ ಒಯ್ಯಬೇಕು.

ಹಲವರೊಡನೆ ಒಂದೇ ಕೋಣೆಯನ್ನು ಹಂಚಿಕೊಂಡ ನಮ್ಮ ತರುಣರಿಗೆ ಹತ್ತು ಮಸೂರಗಳು ಬೇಡ. ಊರಿನಲ್ಲಿರುವ ತಾಯಿಗೆ ಕಳುಹಿಸಲು ಒಂದು ಸ್ಪಷ್ಟ ಚಿತ್ರ ತೆಗೆಯಬಲ್ಲ, ಬೂಷ್ಟು ಹಿಡಿಯದ ಒಂದೇ ಮಸೂರ ಸಾಕೆಂದು ನಮ್ಮ ಅಭಿಮತ.