ಹಕ್ಕಿಯ ಪಾಲು, ನಾಳೆಯ ಮಳೆ

ಹೋಳಿ ಹುಣ್ಣಿಮೆಯ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಹಿಂಗಾರಿನ ಜೋಳ ರಾಶಿಯಾಗಿರುತ್ತದೆ. ಮುಂದಿನ ಮಳೆಯ ಸುಳಿವು ಮಾತ್ರ ಯಾರಿಗೂ ಇರುವುದಿಲ್ಲ. ಆದರೂ ರೈತ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿಯುತ್ತಾನೆ.

ಅಳೆಯಬಹುದಾದ ಅಪಾಯ ಬೇರೆ, ಅಳೆಯಲಾಗದ ಅನಿಶ್ಚಿತತೆ ಬೇರೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ವಿಂಗಡಿಸಿದ್ದರು. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಕಂಠಪಾಠ ಮಾಡಿದ್ದ ನನಗೆ ಅರ್ಥವಾದದ್ದು, ಸೇವೆಗೆ ಸೇರಿ ಈ ತೊಗರಿ ನಾಡಿನ ಬೆಳೆ ಅಂದಾಜಿಗೆ ಸಹಿ ಹಾಕಿ, ಅದು ತಲೆಕೆಳಗಾದುದನ್ನು ಕಂಡ ಮೇಲೆ.

1746ರಲ್ಲಿ ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವರು ಒಕ್ಕಲಿಗರಾಗಿ ಬದುಕಿದವರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟರು, ರಾಶಿ ಮಾತ್ರ ಕಡಿಮೆಯಾಗಲಿಲ್ಲ ಎಂಬ ಕಥೆ ಈ ಭಾಗದ ಮನೆಮಾತು. ಪವಾಡವನ್ನು ಬದಿಗಿಟ್ಟರೂ ಒಂದು ಸಂಗತಿ ಉಳಿಯುತ್ತದೆ: ಅವರು ಉಳುವುದನ್ನು ಬಿಡಲಿಲ್ಲ, ನಾಳೆಯ ಭಯಕ್ಕೆ ಇಂದಿನ ದಾಸೋಹವನ್ನೂ ತಡೆಯಲಿಲ್ಲ. ದೈವವನ್ನು ನಂಬುವುದೆಂದರೆ ಕೈಕಟ್ಟಿ ಕೂಡುವುದೆಂದು ವಾದಿಸುವವರು (ಒಂದು ಕಾಲಕ್ಕೆ ನಾನೂ ಅವರಲ್ಲೊಬ್ಬ) ಆ ಹೊಲವನ್ನು ಸರಿಯಾಗಿ ನೋಡಿಲ್ಲ.

ಕಳೆದ ಸಲ ದಾಸೋಹದ ಸಾಲಿನಲ್ಲಿ ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರನ್ನು, ಈ ವರ್ಷ ಮಳೆ ಹೇಗೆ ಎಂದು ಕೇಳಿದೆ. ‘ಅದು ಶರಣಪ್ಪಗ ಗೊತ್ತ್ರೀ ಸಾಹೇಬ್ರ, ನಂದು ಬೀಜ ತಯಾರದ’ ಎಂದವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.