ಹಲವು ನಿಬಂಧನೆಗಳ ಎಣಿಕೆ

ಹೊರನಾಡಿನ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯಬೇಕೆಂಬುದು ಬಹುಮಟ್ಟಿಗೆ ಅಭಿಮಾನದ ಮಾತಾಗಿ ಕೇಳಿಬರುತ್ತದೆ. ಅದರ ನಿರ್ಣಯವಾದರೋ ಎಣಿಕೆಯನ್ನು ಅವಲಂಬಿಸಿದೆ. 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಸೂತ್ರವನ್ನು ಅಂಗೀಕರಿಸಿತು: ಪ್ರಾಂತಭಾಷೆಗಿಂತ ಭಿನ್ನವಾದ ಮಾತೃಭಾಷೆಯುಳ್ಳ ಮಕ್ಕಳು ಇಡೀ ಶಾಲೆಯಲ್ಲಿ 40ಕ್ಕೆ, ಅಥವಾ ಒಂದು ತರಗತಿಯಲ್ಲಿ 10ಕ್ಕೆ ಕಡಿಮೆಯಿಲ್ಲದಿದ್ದರೆ, ಆ ಭಾಷೆಯಲ್ಲಿ ಬೋಧಿಸಲು ಒಬ್ಬ ಉಪಾಧ್ಯಾಯರನ್ನಾದರೂ ನೇಮಿಸತಕ್ಕದ್ದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದ ಮಾತೃಭಾಷಾ ಬೋಧನೆಗೆ ಸೌಲಭ್ಯ ಕಲ್ಪಿಸಲು ಯತ್ನಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿತು.

ವಿಶಾಖಪಟ್ಟಣದ ಸಮೀಪದ ಪರವಾಡವು ಸಿಂಹಾದ್ರಿ ವಿದ್ಯುತ್ ಸ್ಥಾವರ ಹಾಗೂ ಔಷಧ ಕಾರ್ಖಾನೆಗಳಿರುವ ಊರು. ಅಲ್ಲಿಯ ಒಂದು ಶಾಲೆಯ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿದೆಯೆಂದು ದೃಷ್ಟಾಂತಕ್ಕಾಗಿ ಭಾವಿಸಬಹುದು. ಒಂದು ಮಗುವಿಗೆ ಒಂದು ಸಾಲು. ತರಗತಿ, ಮಾತೃಭಾಷೆಗಳಿಗೆ ಒಂದೊಂದು ಅಂಕಣ. ಕನ್ನಡದ ಮಕ್ಕಳು 34. ಮೂರನೆಯ ತರಗತಿಯ ಮಕ್ಕಳು 30. ಈ ಎರಡು ಮೊತ್ತಗಳಿಂದ ಮೂರನೆಯ ತರಗತಿಯ ಕನ್ನಡದ ಮಕ್ಕಳೆಷ್ಟೆಂಬುದು ತಿಳಿಯದು. ಅವರು 30 ಮಂದಿಯಿರಬಹುದು, ಒಬ್ಬರೂ ಇಲ್ಲದಿರಬಹುದು. ಎರಡು ನಿಬಂಧನೆಗಳನ್ನೂ ಒಂದೇ ಸಾಲಿನಲ್ಲಿ ಒಟ್ಟಿಗೆ ಪರೀಕ್ಷಿಸದೆ ಉತ್ತರವಿಲ್ಲ.

ಪರೀಕ್ಷೆಯ ಕ್ರಮ ಸರಳವಾದುದು. ನಿಬಂಧನೆಯು ಸಲ್ಲುವೆಡೆ 1, ಸಲ್ಲದೆಡೆ 0 ಇಟ್ಟು, ಪ್ರತಿ ಸಾಲಿನ ಅಂಕಗಳನ್ನು ಗುಣಿಸಬೇಕು. ಒಂದೇ ಒಂದು ಸೊನ್ನೆಯಿದ್ದರೂ ಗುಣಲಬ್ಧ ಸೊನ್ನೆ. ಎಲ್ಲವೂ ಸಂದ ಸಾಲು ಮಾತ್ರ 1 ಆಗಿ ಉಳಿಯುತ್ತದೆ. ಆ ಒಂದುಗಳ ಮೊತ್ತವೇ ಉತ್ತರ. ಎಕ್ಸೆಲ್‌ನ 2007ರ ಆವೃತ್ತಿಯಲ್ಲಿ ಬಂದ ಕೌಂಟಿಫ್ಸ್ ಎಂಬ ಸೂತ್ರವು ಇದೇ ಉತ್ತರವನ್ನು ನೇರವಾಗಿ ಕೊಡುತ್ತದೆ. ಅಂಕಣ, ಅದರ ನಿಬಂಧನೆ. ಮತ್ತೊಂದು ಅಂಕಣ, ಅದರ ನಿಬಂಧನೆ ಎಂದು ಜೋಡಿಜೋಡಿಯಾಗಿ ಕೊಡಬೇಕು. ಅಂಕಣಗಳ ಉದ್ದ ಸಮನಾಗಿರಬೇಕು.

ಉತ್ತರ 11 ಎಂದು ಬಂದರೆ, ಒಟ್ಟು 34 ಮಕ್ಕಳೇ ಇದ್ದರೂ ಆ ಶಾಲೆ ಉಪಾಧ್ಯಾಯರನ್ನು ಕೇಳಬಹುದು. ವಿಜಯವಾಡದ ಇನ್ನೊಂದು ಶಾಲೆಯಲ್ಲಿ 36 ಮಕ್ಕಳಿದ್ದು, ಐದು ತರಗತಿಗಳಲ್ಲಿ ಏಳೆಂಟರಂತೆ ಹಂಚಿಹೋಗಿದ್ದರೆ ಆ ಶಾಲೆ ಕೇಳಲಾರದು. ಹೆಚ್ಚಿನ ಮೊತ್ತವೇ ಹೆಚ್ಚಿನ ಹಕ್ಕಲ್ಲ.

‘ಅಥವಾ’ ಎಂಬಲ್ಲಿಯೂ ಎಚ್ಚರ ಬೇಕು. 40 ಮಕ್ಕಳಿರುವ ಶಾಲೆಗಳನ್ನೂ ತರಗತಿಯಲ್ಲಿ 10 ಮಕ್ಕಳಿರುವ ಶಾಲೆಗಳನ್ನೂ ಸುಮ್ಮನೆ ಕೂಡಿದರೆ, ಎರಡೂ ಸಲ್ಲುವ ಶಾಲೆ ಎರಡು ಬಾರಿ ಎಣಿಕೆಗೆ ಬರುತ್ತದೆ. ಅಂಥವನ್ನು ಒಮ್ಮೆ ಕಳೆಯಬೇಕು.

ಎಲ್ಲಕ್ಕೂ ಮೊದಲು ‘ಕನ್ನಡ’ವೆಂದರೇನೆಂಬುದು ನಿಶ್ಚಿತವಾಗಿರಬೇಕು. 2011ರ ಜನಗಣತಿಯು ಬಡಗವನ್ನು ಕನ್ನಡದೊಳಗೆ ಸೇರಿಸಿ ಎಣಿಸಿತು. ಯಂತ್ರವು ಹಾಗೆ ಊಹಿಸದು. ‘ಬಡಗ’ವೆಂದು ಬರೆದ ಸಾಲನ್ನು ಮಾತ್ರವಲ್ಲ, ‘ಕನ್ನಡ’ದ ಮುಂದೆ ಒಂದು ತೆರಪು ಹೆಚ್ಚಾಗಿ ಉಳಿದ ಸಾಲನ್ನೂ ಅದು ಬಿಟ್ಟುಬಿಡುತ್ತದೆ. ಹತ್ತನೆಯ ಮಗು ಹೀಗೆ ಬಿಟ್ಟುಹೋದರೆ ಉಳಿದ ಒಂಬತ್ತು ಮಕ್ಕಳ ಪಾಠವೂ ನಿಲ್ಲುತ್ತದೆ.