ಪೊರೆ ಬಲಿಯಲೆಂದು ಕಾಯುವುದೇಕೆ?

ಮನೆಯ ಹಿರಿಯರ ಕಣ್ಣಿಗೆ ಪೊರೆ ಬಂದಿದೆಯೆಂದು ತಿಳಿದಾಗ, ‘ಇನ್ನೂ ಬಲಿಯಲಿ, ಆಮೇಲೆ ತೆಗೆಸಿದರಾಯಿತು’ ಎಂಬ ಮಾತು ಇಂದಿಗೂ ಕೇಳಿಬರುವುದುಂಟು. ಮಸುಕಾದ ಮಸೂರವನ್ನು ಇಡಿಯಾಗಿ ಹೊರತೆಗೆದು, ಅದರ ಸ್ಥಾನದಲ್ಲಿ ಏನನ್ನೂ ಇರಿಸದೆ, ದಪ್ಪಗಾಜಿನ ಕನ್ನಡಕವೊಂದನ್ನು ಕೊಟ್ಟು ಕಳುಹಿಸುತ್ತಿದ್ದ ಕಾಲದಲ್ಲಿ, ಉಳಿದ ದೃಷ್ಟಿಯಿಂದಲೇ ಸಾಧ್ಯವಾದಷ್ಟು ದಿನ ನಿರ್ವಹಿಸುವುದು ವಿವೇಕವೇ ಆಗಿದ್ದಿತು; ಡಾಕ್ಟರ್ ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರಗಳನ್ನು ಹೂಡಿ ಬಡಬಗ್ಗರಿಗೆ ದೃಷ್ಟಿಯನ್ನಿತ್ತ ಸಾಹಸಕ್ಕೆ ಮೊದಲಾದುದೂ ಆ ಕಾಲದಲ್ಲಿಯೇ. ಆದರೆ, ಒಡೆದ ಯುದ್ಧವಿಮಾನದ ಪಾರದರ್ಶಕ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿ ನಾಟಿದರೂ ಕೆರಳಿಕೆಯನ್ನುಂಟುಮಾಡದೆ ಉಳಿದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿಯೆಂಬ ವೈದ್ಯರು, 1949ರಲ್ಲಿ ಲಂಡನ್ನಿನಲ್ಲಿ ಅಂಥದೇ ದ್ರವ್ಯದ ಕೃತಕ ಮಸೂರವನ್ನು ರೋಗಿಯ ಕಣ್ಣಿನೊಳಗೆ ಇರಿಸಿದರು. ಇಂದು ಅದು ಸರ್ವಸಾಮಾನ್ಯ. ಆದಕಾರಣ ಓದಿಗೆ, ಅಡಿಗೆಗೆ, ರಾತ್ರಿಯ ಸಂಚಾರಕ್ಕೆ ತೊಡಕಾದೊಡನೆಯೇ ಪೊರೆಯನ್ನು ತೆಗೆಸಬಹುದು. ಅತಿಯಾಗಿ ಬಲಿತ ಪೊರೆಯು ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯನ್ನು ಕಠಿನಗೊಳಿಸುವುದಲ್ಲದೆ, ಕೆಲವೊಮ್ಮೆ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಹನಿ ಔಷಧದಿಂದ ಪೊರೆ ಕರಗೀತೆಂಬುದು ಬರಿಯ ಆಸೆ.

ಇನ್ನು, ಜನರು ‘ಮದ್ರಾಸ್ ಐ’ ಎನ್ನುವ ಕಣ್ಣುಬೇನೆ ಅವರು ಹೆದರುವಷ್ಟು ಭಯಂಕರವಲ್ಲ. ಅದು ನೋಟದಿಂದಲ್ಲ, ಕೈಯಿಂದಲೂ ಟವೆಲಿನಿಂದಲೂ ಹರಡುತ್ತದೆ; ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನೇ ಶಮನವಾಗುತ್ತದೆ. ಆದರೆ ಕೆಂಪಿನೊಡನೆ ತೀವ್ರವಾದ ನೋವು, ದೃಷ್ಟಿಮಾಂದ್ಯ, ಇಲ್ಲವೆ ಕಪ್ಪುಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಂಡರೆ ಒಂದು ದಿನವೂ ತಡೆಯಲಾಗದು. ಗದ್ದೆಯಲ್ಲಿ ಭತ್ತದ ಗರಿ ತಗುಲಿದ ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಬಿಡುವ ರೂಢಿಯು ಹುಣ್ಣನ್ನು ವರ್ಧಿಸಿ ದೃಷ್ಟಿಯನ್ನೇ ಅಪಹರಿಸಬಲ್ಲದು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡು, ತುರಿಕೆಗೆಂದು ತಿಂಗಳುಗಟ್ಟಲೆ ಬಿಟ್ಟುಕೊಳ್ಳುವ ಸ್ಟಿರಾಯ್ಡ್ ಹನಿಗಳೂ ನಿರಪಾಯಕಾರಿಯಲ್ಲ; ಪೊರೆಗೂ ಗ್ಲಾಕೋಮಕ್ಕೂ ಅವು ದಾರಿ ಮಾಡಿಕೊಡುತ್ತವೆ.

ನಿಜವಾಗಿ ಭಯಪಡಬೇಕಾದುದು ಈ ಗ್ಲಾಕೋಮಕ್ಕೇ. ಕಣ್ಣಿನೊಳಗಿನ ದ್ರವವು ಸರಾಗವಾಗಿ ಹೊರಹರಿಯದೆ ಒತ್ತಡವು ಹೆಚ್ಚಿ, ದೃಷ್ಟಿನರವು ಕ್ರಮೇಣ ನಶಿಸುವ ಈ ರೋಗದಲ್ಲಿ, ಬಹುತೇಕ ರೋಗಿಗಳಿಗೆ ನೋವೂ ಇಲ್ಲ, ಕೆಂಪೂ ಇಲ್ಲ; ಮೊದಲು ಅಂಚಿನ ನೋಟ ಕುಗ್ಗುವುದರಿಂದ, ಎದುರಿಗಿರುವ ಅಕ್ಷರವನ್ನು ಚೆನ್ನಾಗಿ ಓದಬಲ್ಲವನಿಗೆ ತಾನು ರೋಗಿಯೆಂಬ ಸಂಶಯವೂ ಹುಟ್ಟದು. ಪೊರೆಯಿಂದ ಹೋದ ದೃಷ್ಟಿ ಮರಳಿ ಬರುತ್ತದೆ; ಇದರಿಂದ ಹೋದುದು ಬಾರದು, ಉಳಿದುದನ್ನು ಹನಿಗಳಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಕಾಪಾಡಿಕೊಳ್ಳಬಹುದಷ್ಟೆ. ಕನ್ನಡಕದ ಅಂಗಡಿಯ ಅಕ್ಷರಪರೀಕ್ಷೆಯಿಂದ ಇದು ಗೊತ್ತಾಗುವಂಥದಲ್ಲ. ನಲವತ್ತು ದಾಟಿದವರು, ವಿಶೇಷವಾಗಿ ಮನೆತನದಲ್ಲಿ ಈ ರೋಗವುಳ್ಳವರು, ನೇತ್ರವೈದ್ಯರಲ್ಲಿಗೆ ಹೋಗಿ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಿರಿ.